ಎಂಬತ್ತು ನಾಮಪದಗಳು

ಈ ಮಾಸಿಕದ ವಿಮರ್ಶೆಯ ಪುಟಗಳಲ್ಲಿ ಕಥಾಸಂಕಲನ, ಕಾದಂಬರಿ, ಇಲ್ಲವೆ ಊರಿನಿಂದ ಬಂದ ತಂಡವೊಂದು ಆಡಿಹೋದ ನಾಟಕ, ಇಂಥವುಗಳಿಗೆ ಸ್ಥಳ ದೊರೆಯುವುದು ರೂಢಿ. ನಾನು ಈ ಸಲ ಎತ್ತಿಕೊಂಡಿರುವ ಕೃತಿಯಲ್ಲಿ ಒಟ್ಟು 80 ಹೆಸರುಗಳಿವೆ. ಎಲ್ಲವೂ ನಾಮಪದಗಳು. ಕ್ರಿಯಾಪದ ಒಂದೂ ಇಲ್ಲ. ಕರ್ತೃಗಳು ಹಲವರು, ಮೈಕ್ರೋಸಾಫ್ಟ್ ಸಂಸ್ಥೆಯವರೂ ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರೂ ಕೂಡಿ 2014ರಲ್ಲಿ ಹೊರತಂದದ್ದು. ಹೆಸರು 'ಕೋಕೋ'. ಪುತ್ತೂರಿನ ಕ್ಯಾಂಪ್ಕೋ ಚಾಕಲೇಟು ನೆನಪಾದವರು ಕ್ಷಮಿಸಬೇಕು, ಇದು ಆ ಕೋಕೋ ಅಲ್ಲ. 'ಕಾಮನ್ ಆಬ್ಜೆಕ್ಟ್ಸ್ ಇನ್ ಕಾಂಟೆಕ್ಸ್ಟ್' ಎಂಬುದರ ಮೊದಲಕ್ಷರಗಳ ಜೋಡಣೆ. ಸಂದರ್ಭದೊಳಗಿನ ಸಾಮಾನ್ಯ ವಸ್ತುಗಳು ಎನ್ನಬಹುದು. ಈ 'ಸಂದರ್ಭ' ಎಂಬ ಶಬ್ದವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಬೇಡುತ್ತೇನೆ.

ಇದನ್ನು ವಿಮರ್ಶಿಸುವ ಅಧಿಕಾರ ನನಗೆಲ್ಲಿಯದು ಎಂಬ ಪ್ರಶ್ನೆ ಸಹಜ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತಗಿರಿ ಮಾಡುತ್ತ ಆಂಟಾಪ್ ಹಿಲ್‌ನಲ್ಲಿ ಸಂಸಾರ ಹೂಡಿದವನು ನಾನು. ವಿಮರ್ಶೆಯ ಪರಿಭಾಷೆ ನನಗೆ ಅಷ್ಟಕ್ಕಷ್ಟೆ. ಆದರೆ ಈ ಪಟ್ಟಿಯನ್ನು ನಾನು ಬರಿದೆ ಓದಿದವನಲ್ಲ, ನಮ್ಮ ಕಟ್ಟಡದ ಗೋಡೆಗೆ ಕಣ್ಣಾಗಿ ಕೂಡಿಸಿದವನು. ಅದರಿಂದಾಗಿ ಕಳೆದ ಮಳೆಗಾಲದಲ್ಲಿ, ಅಂಗಳ ಗುಡಿಸುವ ಹೆಂಗಸೊಬ್ಬಳ ಕೈಮುರಿತದ ಔಷಧದ ಖರ್ಚು ಅವಳ ಮೈಮೇಲೆಯೇ ಬೀಳುವುದರಲ್ಲಿತ್ತು. ಆದ್ದರಿಂದ ಈ ಬರಹದಲ್ಲಿ ವಿಮರ್ಶೆಯ ಜತೆಗೆ ತಪ್ಪೊಪ್ಪಿಗೆಯ ಅಂಶವೂ ಬೆರೆತಿದ್ದರೆ ಆಶ್ಚರ್ಯವಿಲ್ಲ.

ಮೊದಲು ಹಿನ್ನೆಲೆ. ನಮ್ಮ ಕಟ್ಟಡದಲ್ಲಿ ಎರಡು ಸೈಕಲ್ಲುಗಳು ಕಳುವಾದವು, ಒಂದು ಮೋಟರ್‌ಸೈಕಲ್ಲಿನ ಪೆಟ್ರೋಲು ಮಾಯವಾಯಿತು. ನಿವಾಸಿಗಳೆಲ್ಲ ವರ್ಗಣಿ ಹಾಕಿ, ಲ್ಯಾಮಿಂಗ್ಟನ್ ರೋಡಿಗೆ ಹೋಗಿ ನಾಲ್ಕು ಕ್ಯಾಮೆರಾ ತಂದರು. ತಂದ ಮೇಲೆ ಶುರುವಾಯಿತು ಪಜೀತಿ. ಬಾದಾಮಿ ಮರದ ಎಲೆ ಅಲ್ಲಾಡಿದರೂ ಕಾರ್ಯದರ್ಶಿಗಳ ಫೋನು ಕಿರುಚುವುದು. ರಾತ್ರಿ ಕ್ಯಾಮೆರಾದ ಕಣ್ಣೆದುರು ಜೇಡ ಬಲೆ ನೇಯ್ದರೆ ಬೆಳಗಿನವರೆಗೆ ನಿದ್ರೆಯಿಲ್ಲ. 'ನೀವು ಸೈನ್ಸ್ ಓದಿದವರಲ್ಲವೇ, ಏನಾದರೂ ಮಾಡಿ' ಎಂದು ಕೆಲಸ ನನ್ನ ಹೆಗಲಿಗೆ ಬಂತು. ಬಿ.ಎಸ್ಸಿ. ಎಂದರೆ ಮನೆಮನೆಯ ಮಿಕ್ಸರಿನಿಂದ ಹಿಡಿದು ಲಿಫ್ಟಿನವರೆಗೆ ಎಲ್ಲವನ್ನೂ ರಿಪೇರಿ ಮಾಡಬಲ್ಲ ಪದವಿ ಎಂಬುದು ಮುಂಬಯಿಯ ಕಟ್ಟಡಗಳಲ್ಲಿ ಬೇರೂರಿದ ನಂಬಿಕೆ.

ಅಂತೂ ಮಗನ ಹಳೆಯ ಕಂಪ್ಯೂಟರಿನಲ್ಲಿ ಫ್ರಿಗೇಟ್ ಎಂಬ ಬಿಟ್ಟಿ ಸಾಫ್ಟ್‌ವೇರನ್ನು ಕೂಡಿಸಿದೆ. ಬಿಟ್ಟಿಯೆಂದು ಹಗುರವಾಗಿ ಕಾಣಬಾರದು, ಚೆನ್ನಾಗಿ ಯೋಚಿಸಿ ಮಾಡಿದ ಸರಕು. ಚಿತ್ರಗಳು ಮನೆಯ ಕಂಪ್ಯೂಟರಿನಲ್ಲಿಯೇ ಉಳಿಯುತ್ತವೆ, ಯಾವ ಕಂಪನಿಯ ಉಗ್ರಾಣಕ್ಕೂ ಹೋಗಬೇಕಾಗಿಲ್ಲ. ಆದರೆ ಅದಕ್ಕೆ ಅಪ್ಪಣೆಗಳನ್ನೆಲ್ಲ ಒಂದು ಕಡತದಲ್ಲಿ ಬರೆದು ಕೊಡಬೇಕು; ಸಾಲಿನ ಎಡಗಡೆ ಬಿಡಬೇಕಾದ ಖಾಲಿ ಜಾಗ ಒಂದು ಅಕ್ಷರದಷ್ಟು ಹೆಚ್ಚುಕಡಿಮೆಯಾದರೂ ಅದು ಕೆಲಸಕ್ಕೆ ಬರಲೊಲ್ಲೆ ಎನ್ನುತ್ತದೆ. ನಮ್ಮ ಕಚೇರಿಯ ಟಿಪ್ಪಣಿಗಳಿಗೆ ಮಾರ್ಜಿನ್ ಸರಿಯಿಲ್ಲವೆಂದು ತಿರುಗಿ ಕಳಿಸುತ್ತಿದ್ದ ಹಳೆಯ ಸೂಪರಿಂಟೆಂಡೆಂಟರ ನೆನಪಾಯಿತು.

ಅದರ ಕೆಲಸದ ಕ್ರಮ ಹೀಗಿದೆ. ಕ್ಯಾಮೆರಾದಿಂದ ಎರಡು ಧಾರೆಗಳು ಬರುತ್ತವೆ, ಕೂಡಿಡಲು ಸ್ಪಷ್ಟವಾದದ್ದೊಂದು, ಪರೀಕ್ಷಿಸಲು ಮಸಕಾದದ್ದೊಂದು. ಮಸಕು ಧಾರೆಯಿಂದ ಸೆಕೆಂಡಿಗೆ ಐದು ಚಿತ್ರ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಎಲ್ಲಿ ವ್ಯತ್ಯಾಸವಿದೆಯೆಂದು ನೋಡುತ್ತದೆ. ವ್ಯತ್ಯಾಸ ಕಂಡಲ್ಲಿ ಮಾತ್ರ ಒಂದು ಚೌಕ ಕತ್ತರಿಸಿ, ಅದನ್ನು ಅಗಲ 320, ಎತ್ತರ 320 ಚುಕ್ಕೆಗಳಿಗೆ ಕುಗ್ಗಿಸಿ, ಹೆಸರು ಹೇಳಬಲ್ಲ ಮಾದರಿಯ ಮುಂದೆ ಹಿಡಿಯುತ್ತದೆ. ಮಾದರಿ ಉತ್ತರವಾಗಿ ಮೂರು ಸಂಗತಿ ಕೊಡುತ್ತದೆ: ಒಂದು ಚೌಕಟ್ಟು, ಒಂದು ಹೆಸರು, ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕ. ಅಂಕ 0.5ಕ್ಕೆ ಕೆಳಗಿದ್ದರೆ ಅದನ್ನು ಎಸೆಯುತ್ತದೆ. ಹಲವು ಚಿತ್ರಗಳ ಅಂಕಗಳನ್ನು ಸಾಲಾಗಿಟ್ಟು ನಡುವಿನದನ್ನು ಆರಿಸಿದಾಗ ಅದು 0.7 ದಾಟಿದ್ದರೆ, ಆಗ 'ವ್ಯಕ್ತಿ ಬಂದಿದ್ದಾನೆ' ಎಂದು ಘೋಷಿಸುತ್ತದೆ. ನಾವು ಬೇರೆ ಹೇಳದಿದ್ದರೆ ಇವೇ ಅದರ ನಿಯಮಗಳು.

ಇಷ್ಟರಲ್ಲಿ ನಿಜವಾದ ಪಾಂಡಿತ್ಯವಿರುವುದು ಹೆಸರು ಹೇಳುವ ಆ ಮಾದರಿಯಲ್ಲಿ. ಅದು ಕಲಿತದ್ದು ಕೋಕೋ ಪಟ್ಟಿಯಿಂದ. ಹೊರಗಿನಿಂದ 'ಎ.ಐ. ಕ್ಯಾಮೆರಾ' ಎಂದು ಬಣ್ಣದ ಕಾಗದ ಅಂಟಿಸಿ ಮಾರುವ ಎಷ್ಟೋ ಸರಕುಗಳ ಅಡಿಪಾಯವೂ ಇದೇ. ಆದ್ದರಿಂದ ಇದನ್ನು ನಿಘಂಟೊಂದನ್ನು ಓದುವಷ್ಟು ಗಮನವಿಟ್ಟು ಓದುವುದು ನ್ಯಾಯ.

ಅಮರಕೋಶವನ್ನು ಬಾಯಿಪಾಠ ಮಾಡಿಸಿಕೊಂಡ ತಲೆಮಾರಿನವರು ನಮ್ಮ ಸಂಘದಲ್ಲಿ ಇನ್ನೂ ಕೆಲವರಿದ್ದಾರೆ. ಅಮರನ ಹಾಗೆ ಕೋಕೋದವರೂ ಜಗತ್ತನ್ನು ವರ್ಗಗಳಾಗಿ ಒಡೆದಿದ್ದಾರೆ. ಒಟ್ಟು 12 ವರ್ಗಗಳು. ವಾಹನವರ್ಗದಲ್ಲಿ ಎಂಟು ಹೆಸರು: ಸೈಕಲ್ಲು, ಕಾರು, ಮೋಟರ್‌ಸೈಕಲ್ಲು, ವಿಮಾನ, ಬಸ್ಸು, ರೈಲು, ಲಾರಿ, ದೋಣಿ. ಕೈಗಾಡಿ ಇಲ್ಲ. ಆಟೋರಿಕ್ಷಾ ಇಲ್ಲ. ಆಟೋ ಇಲ್ಲದ್ದರಿಂದ ನಮಗೇನೂ ನಷ್ಟವಿಲ್ಲವೆನ್ನಿ, ಮುಂಬಯಿಯ ಆಟೋ ಸಾಯನ್‌ನಿಂದ ಈಚೆಗೆ ದಾಟುವಂತಿಲ್ಲವಷ್ಟೆ! ಆದರೆ ನಮ್ಮ ಗೇಟಿನಲ್ಲಿ ತರಕಾರಿಯ ಕೈಗಾಡಿ ದಿನವೂ ನಿಲ್ಲುತ್ತದೆ. ಅದನ್ನು ಯಂತ್ರ ಒಮ್ಮೆ ಲಾರಿ ಎಂದಿತು, ಒಮ್ಮೆ ಬೆಂಚು ಎಂದಿತು, ಬಹಳ ಸಲ ಮೌನ ವಹಿಸಿತು.

ಪ್ರಾಣಿವರ್ಗದಲ್ಲಿ ಹತ್ತು. ಜಿರಾಫೆ ಇದೆ, ಝೀಬ್ರಾ ಇದೆ, ಕರಡಿ ಇದೆ. ಎಮ್ಮೆ ಇಲ್ಲ, ಆಡು ಇಲ್ಲ, ಇಲಿ ಇಲ್ಲ. ಬಕ್ರೀದಿನ ಮುಂಚಿನ ದಿನಗಳಲ್ಲಿ ನಮ್ಮ ಬದಿಯ ರಸ್ತೆಯಲ್ಲಿ ಹಾದ ಆಡುಗಳೆಲ್ಲ ಕುರಿಗಳಾದವು, ಒಂದೆರಡು ನಾಯಿಗಳಾದವು. ಆಟದ ವರ್ಗದಲ್ಲಿಯೂ ಹತ್ತು: ಮಂಜಿನ ಮೇಲೆ ಜಾರುವ ಹಲಗೆ ಎರಡು ಬಗೆ, ಅಲೆಯ ಮೇಲೆ ಜಾರುವ ಹಲಗೆ ಒಂದು, ಚಕ್ರದ ಹಲಗೆ ಮತ್ತೊಂದು, ಬೇಸ್‌ಬಾಲಿನ ದಾಂಡು, ಬೇಸ್‌ಬಾಲಿನ ಕೈಚೀಲ. ಶಿವಾಜಿ ಪಾರ್ಕ್ ಇರುವ ಊರಿನಲ್ಲಿ ಕ್ರಿಕೆಟ್ ಬ್ಯಾಟಿಗೆ ಹೆಸರಿಲ್ಲ! ಗಾಳಿಪಟ ಒಂದಿದೆ, ಸಂಕ್ರಾಂತಿಯ ಪುಣ್ಯ. ಆಹಾರವರ್ಗದಲ್ಲಿ ಪಿಜ್ಜಾ, ಹಾಟ್‌ಡಾಗ್, ಡೋನಟ್, ಬ್ರಾಕೊಲಿ. ಇಡ್ಲಿಯನ್ನು ಇದರಿಂದ ನಿರೀಕ್ಷಿಸಲು ನಾನೇನು ಹುಚ್ಚನಲ್ಲ. ರಸ್ತೆಬದಿಯ ವರ್ಗದಲ್ಲಿ ಬೆಂಕಿಗೆ ನೀರೊದಗಿಸುವ ಕೆಂಪು ನಲ್ಲಿಕಂಬ ಮತ್ತು ನಾಣ್ಯ ಹಾಕುವ ಪಾರ್ಕಿಂಗ್ ಮೀಟರು ಇವೆ. ತಲೆಯ ಮೇಲಿನ ಬುಟ್ಟಿ, ಹೆಗಲ ಮೇಲಿನ ಗ್ಯಾಸ್ ಸಿಲಿಂಡರು, ಕಂಕುಳಲ್ಲಿಯ ಕೊಡ, ಕೈಯಲ್ಲಿಯ ಪೊರಕೆ ಇಲ್ಲ.

ಇಷ್ಟು ಓದಿ, 'ಹೊರಗಿನವರು ಮಾಡಿದ್ದು, ನಮ್ಮದನ್ನು ಬಿಟ್ಟಿದ್ದಾರೆ' ಎಂದು ಗುಡುಗುವುದು ಸುಲಭ. ಮೊದಲ ಓದಿನಲ್ಲಿ ನಾನೂ ಹಾಗೆಯೇ ಗುಡುಗಿದೆ. ಆದರೆ ಕೃತಿಯನ್ನು ಅದರ ಕರ್ತೃಗಳ ಉದ್ದೇಶದಿಂದ ಮೊದಲು ಅಳೆಯಬೇಕಾದದ್ದು ವಿಮರ್ಶೆಯ ಸೌಜನ್ಯ. ಈ ಪಟ್ಟಿಯನ್ನು ಕಾವಲಿಗೆಂದು ಮಾಡಲಿಲ್ಲ. ಸಂಶೋಧಕರು ತಮ್ಮ ಯಂತ್ರಗಳನ್ನು ಒಂದಕ್ಕೊಂದು ಹೋಲಿಸಿ ನೋಡಲು ಒಂದು ಸಾಮಾನ್ಯ ಪರೀಕ್ಷೆ ಬೇಕಾಗಿತ್ತು. ನಾಲ್ಕು ವರ್ಷದ ಮಗು ಸುಲಭವಾಗಿ ಗುರುತಿಸಬಲ್ಲ ವಸ್ತುಗಳಿರಬೇಕೆಂಬುದು ಅವರ ಅಳತೆಗೋಲು. ಹೆಸರುಗಳನ್ನು ಆರಿಸುವಾಗ 4ರಿಂದ 8 ವರ್ಷದ ಮಕ್ಕಳನ್ನು, ಮನೆಯೊಳಗೂ ಹೊರಗೂ ಕಂಡದ್ದನ್ನೆಲ್ಲ ಹೆಸರಿಸಿ ಎಂದು ಕೇಳಿದ್ದೂ ಉಂಟು. ಎಂಥ ಒಳ್ಳೆಯ ಉಪಾಯ! ಚಿತ್ರಗಳು 3,28,000; ಫ್ಲಿಕರ್ ಎಂಬ ತಾಣಕ್ಕೆ ಜನ ತಾವಾಗಿ ಹಾಕಿದ್ದವು. ಅವುಗಳಲ್ಲಿ ಗೆರೆ ಎಳೆದು ಗುರುತಿಸಿದ ವಸ್ತುಗಳು 25 ಲಕ್ಷ. ಆ ಗೆರೆಗಳನ್ನು ಎಳೆದವರು ದೂರದೂರದಲ್ಲಿ ಕುಳಿತು ತುಂಡಿಗಿಷ್ಟು ಎಂದು ಕೂಲಿ ಪಡೆದ ಅನಾಮಧೇಯರು. ಗುಮಾಸ್ತನಾದ ನನಗೆ ಅವರ ಬಗ್ಗೆ ಸಹಾನುಭೂತಿ ತಡೆಯಲಾಗದು. ಯಂತ್ರದ ಬುದ್ಧಿ ಎಂದು ನಾವು ಬೆರಗಾಗುವುದರ ಬುಡದಲ್ಲಿ ಇಂಥ 25 ಲಕ್ಷ ಗೆರೆಗಳ ಗುಮಾಸ್ತಿಕೆ ಇದೆ.

ಆದ್ದರಿಂದ ಪಟ್ಟಿ ಮಾಡಿದವರ ಮೇಲೆ ನನ್ನ ಆಕ್ಷೇಪ ಕಡಿಮೆ. ಫ್ರಿಸ್‌ಬಿ ಆಡುವ ಮಗುವಿನ ಸಂದರ್ಭದಲ್ಲಿ ಅದು ಸರಿಯಾದ ಪಟ್ಟಿ. ಹೆಸರಿನಲ್ಲಿಯೇ 'ಸಂದರ್ಭ' ಇಟ್ಟುಕೊಂಡ ಕೃತಿಯನ್ನು ಸಂದರ್ಭದಿಂದ ಕಿತ್ತು ತಂದು ಬೇರೊಂದು ಗೋಡೆಗೆ ಮೊಳೆ ಹೊಡೆದವರು ನಾವು.

ಒಂದು ಕುತೂಹಲದ ಸಂಗತಿ. ಮೂಲದಲ್ಲಿ ಹೆಸರುಗಳು 91 ಇದ್ದವು. ಪ್ರಕಟಿಸುವಾಗ 11ನ್ನು ಕೈಬಿಟ್ಟರು. ಯಾವುವು? ಬಾಗಿಲು, ಕಿಟಕಿ, ಕನ್ನಡಿ, ಮೇಜು, ತಟ್ಟೆ, ಟೊಪ್ಪಿಗೆ, ಪಾದರಕ್ಷೆ, ಕನ್ನಡಕ, ಮತ್ತೆ ಕೆಲವು. ಅಂದರೆ ಕಳ್ಳರನ್ನು ಹಿಡಿಯಲೆಂದು ನಾವು ನಿಲ್ಲಿಸಿದ ಈ ಕಾವಲುಗಾರನಿಗೆ ಬಾಗಿಲು ಎಂದರೇನೆಂದು ತಿಳಿಯದು, ಕಿಟಕಿ ತಿಳಿಯದು. ದೇವಸ್ಥಾನದ ಮುಂದೆ ಚಪ್ಪಲಿ ಹೋದರೂ ತಿಳಿಯದು.

ಈಗ ಮನುಷ್ಯವರ್ಗಕ್ಕೆ ಬರೋಣ. ಅಮರನ ಮನುಷ್ಯವರ್ಗ ದೊಡ್ಡದು. ಹೆಂಗಸು, ಮಗು, ಮುದುಕ, ಕುರುಡ, ಕುಂಟ, ಗೂನು ಬೆನ್ನಿನವ, ಎಲ್ಲರಿಗೂ ಅಲ್ಲಿ ಬೇರೆ ಬೇರೆ ಹೆಸರು. ಮುಂದಿನ ವರ್ಗಗಳಲ್ಲಂತೂ ಜಾತಿಯ ಮೆಟ್ಟಿಲುಗಳೇ ಇವೆ, ಅದನ್ನು ಇಂದು ಯಾರೂ ಹೊಗಳಬೇಕಾಗಿಲ್ಲ. ಕೋಕೋದ ಮನುಷ್ಯವರ್ಗದಲ್ಲಿ ಇರುವುದು ಒಂದೇ ಹೆಸರು: ವ್ಯಕ್ತಿ. ಮೊದಲು ಇದು ನನಗೆ ಬಹಳ ಹಿಡಿಸಿತು. ನಮ್ಮ ಕಾರ್ಯದರ್ಶಿಗಳೂ ವ್ಯಕ್ತಿ, ಗುಡಿಸುವ ಮೌಶಿಯೂ ವ್ಯಕ್ತಿ. ಹೆಣ್ಣು ಗಂಡಿನ ಭೇದವಿಲ್ಲ, ಕುಲಗೋತ್ರ ಕೇಳುವುದಿಲ್ಲ. ಬಸವಣ್ಣನವರ ಕಾಲದಿಂದ ನಾವು ಬಯಸಿದ್ದನ್ನು ಒಂದು ಯಂತ್ರ ತಣ್ಣಗೆ ಮಾಡಿಬಿಟ್ಟಿತಲ್ಲ ಎಂದುಕೊಂಡೆ.

ಆ ಸಂತೋಷ ಎರಡು ವಾರ ಉಳಿಯಿತು. ಆಮೇಲೆ ಹೆಸರಿನ ಪಕ್ಕದ ಅಂಕವನ್ನು ಗಮನಿಸತೊಡಗಿದೆ. ಗೇಟಿನಲ್ಲಿ ನೆಟ್ಟಗೆ ನಿಂತು ಮಾತಾಡುವ ಕಾರ್ಯದರ್ಶಿಗಳಿಗೆ ಯಾವಾಗಲೂ 0.85ರ ಸುಮಾರು. ಸೊಂಟ ಬಗ್ಗಿಸಿ ಪೊರಕೆ ಆಡಿಸುವ ಮೌಶಿಗೆ 0.6, 0.55, ಕೆಲವೊಮ್ಮೆ ಅರ್ಧಕ್ಕೂ ಕಡಿಮೆ. ಕುಕ್ಕರುಗಾಲಿನಲ್ಲಿ ಕುಳಿತು ಕಸ ಆರಿಸುವಾಗ ಆಕೆ ವ್ಯಕ್ತಿಯೇ ಅಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಜನ ತಾವಾಗಿ ತೆಗೆದು ಹಂಚಿಕೊಳ್ಳುವ ಫೋಟೋಗಳಲ್ಲಿ ಮನುಷ್ಯರು ನಿಂತಿರುತ್ತಾರೆ, ನಗುತ್ತಿರುತ್ತಾರೆ, ಆಡುತ್ತಿರುತ್ತಾರೆ. ಚಿತ್ರ ತೆಗೆಯುವವನ ಕಣ್ಣು ಅವರ ಕಣ್ಣಿನ ಮಟ್ಟದಲ್ಲಿರುತ್ತದೆ. ನಮ್ಮ ಕ್ಯಾಮೆರಾ ಇರುವುದು ಎರಡನೆಯ ಮಹಡಿಯ ಕೆಳಗಂಚಿನಲ್ಲಿ. ಅಲ್ಲಿಂದ ನೋಡಿದರೆ ಬಗ್ಗಿದ ಹೆಂಗಸೆಂದರೆ ಒಂದು ಸೀರೆಯ ಗಂಟು. ಪಟ್ಟಿಯಲ್ಲಿ ಅಳಿಸಿಹೋದ ಮೆಟ್ಟಿಲು ಅಂಕದಲ್ಲಿ ಮತ್ತೆ ಮೂಡಿತು. ಯಾರೂ ಬೇಕೆಂದು ಮಾಡಿದ್ದಲ್ಲ.

ಇದು ನನ್ನೊಬ್ಬನ ಕೊರಗಲ್ಲ. 2019ರಲ್ಲಿ ಫೇಸ್‌ಬುಕ್ ಸಂಸ್ಥೆಯ ಸಂಶೋಧಕರೇ ಇಂಥದೊಂದು ಪರೀಕ್ಷೆ ನಡೆಸಿದರು. 'ಡಾಲರ್ ಸ್ಟ್ರೀಟ್' ಎಂದು ಸ್ವೀಡನ್ನಿನವರು ಕೂಡಿಸಿದ ಚಿತ್ರಸಂಗ್ರಹವಿದೆ. ನಾನಾ ದೇಶಗಳ ನಾನಾ ವರಮಾನದ ಮನೆಗಳಲ್ಲಿ ಸಾಬೂನು, ಒಲೆ, ಮಸಾಲೆ ಹೇಗಿರುತ್ತವೆಂದು ತೋರಿಸುವಂಥದು. ದೊಡ್ಡ ಕಂಪನಿಗಳ ಗುರುತಿಸುವ ಯಂತ್ರಗಳಿಗೆ ಅವನ್ನು ತೋರಿಸಿದಾಗ, ಮನೆಯ ವರಮಾನ ಇಳಿದ ಹಾಗೆ ಯಂತ್ರದ ಜಾಣತನವೂ ಇಳಿಯಿತು. ಸಾಬೂನು ಪಂಪಿನ ಬಾಟಲಿಯಲ್ಲಿದ್ದರೆ ಅದು ಸಾಬೂನು. ಬರಿಯ ಗಟ್ಟಿಯಾಗಿ ಬಚ್ಚಲಲ್ಲಿದ್ದರೆ ಅದು ಬೇರೇನೋ ತಿಂಡಿ.

ನಮ್ಮಲ್ಲಿ ಯಾರೂ ಏನೂ ಮಾಡಲಿಲ್ಲವೆಂದಲ್ಲ. ಹೈದರಾಬಾದಿನ ಟ್ರಿಪಲ್ ಐಟಿಯವರು ಇಂಟೆಲ್ ಜತೆಗೂಡಿ ಹೈದರಾಬಾದು, ಬೆಂಗಳೂರುಗಳ ರಸ್ತೆಗಳಲ್ಲಿ 182 ಸಲ ಗಾಡಿ ಓಡಿಸಿ 10,000 ಚಿತ್ರಗಳ ಸಂಗ್ರಹ ಮಾಡಿದರು. ಅದರ 34 ಹೆಸರುಗಳಲ್ಲಿ ಆಟೋರಿಕ್ಷಾ ಹೆಮ್ಮೆಯಿಂದ ಕುಳಿತಿದೆ. ಕೊಯಮತ್ತೂರಿನ ಹತ್ತಿರ ಮದುಕ್ಕರೈಯಲ್ಲಿ ರೈಲುಹಳಿ ದಾಟುವ ಆನೆಗಳನ್ನು ಗುರುತಿಸಿ ರೈಲಿನವರಿಗೆ ತಿಳಿಸುವ ಏರ್ಪಾಡು 2024ರಿಂದ ನಡೆದಿದೆ. ಒಂದು ಜಾಗ, ಒಂದು ಪ್ರಾಣಿ, ಒಂದು ಅಪಾಯ. ಅಲ್ಲಿ ಹೆಸರಿಗೂ ಸಂದರ್ಭಕ್ಕೂ ನಂಟು ಇದೆ. ಬೆಂಗಳೂರಿನಲ್ಲಿ 2022ರ ಕೊನೆಯಿಂದ 50 ಚೌಕಗಳಲ್ಲಿ ಕ್ಯಾಮೆರಾಗಳು ಹೆಲ್ಮೆಟ್ ಇಲ್ಲದ ಸವಾರರನ್ನು ಹಿಡಿಯುತ್ತಿವೆ. ಹೆಲ್ಮೆಟ್ ಎಂಬ ಹೆಸರು ಕೋಕೋದ ಎಂಬತ್ತರಲ್ಲಿ ಇಲ್ಲ. ಯಾರೋ ಕೂತು ಬೇರೆಯಾಗಿ ಕಲಿಸಿದ್ದಾರೆ. ದಂಡ ವಸೂಲಿಗೆ ಬೇಕಾದ ನಾಮಪದಗಳನ್ನು ಯಂತ್ರ ಬೇಗ ಕಲಿಯುತ್ತದೆ ಎಂದು ಒಬ್ಬ ಗುಮಾಸ್ತ ಹೇಳಿದರೆ ಬೇಸರಪಡಬಾರದು.

ಈಗ ಜುಲೈ ತಿಂಗಳ ಸಂಗತಿ.

ಎಲೆ ಅಲ್ಲಾಡಿದರೆ ಫೋನು ಕಿರುಚುತ್ತದೆಂಬ ದೂರಿತ್ತಲ್ಲ, ಅದಕ್ಕೆ ಮದ್ದು 'ಮಾಸ್ಕ್'. ಚಿತ್ರದ ಮೇಲೆ ಗೆರೆಯಿಂದ ಒಂದು ಜಾಗವನ್ನು ಸುತ್ತುವರಿದರೆ, ಅದರೊಳಗಿನ ಚಲನೆಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಲನೆ ಲೆಕ್ಕಕ್ಕಿಲ್ಲವೆಂದರೆ ಹೆಸರು ಹೇಳುವ ಮಾದರಿಯನ್ನು ಅಲ್ಲಿಗೆ ಕರೆಯುವ ಪ್ರಶ್ನೆಯೇ ಇಲ್ಲ. ಇದನ್ನು ಮಿತವಾಗಿ ಬಳಸಬೇಕು, ಅತಿಯಾದರೆ ಕೆಡಕು ಎಂದು ಫ್ರಿಗೇಟಿನ ಕೈಪಿಡಿಯಲ್ಲಿ ಎಚ್ಚರಿಸಿದ್ದಾರೆ. ನಾನು ಓದಿದ್ದೆ. ಓದಿಯೂ ಬಾದಾಮಿ ಮರ, ಅದರ ನೆರಳು, ಬಟ್ಟೆ ಒಣಗಿಸುವ ತಂತಿ, ಪಂಪಿನ ಕೋಣೆಯ ಮೂಲೆ, ಎಲ್ಲವನ್ನೂ ಸೇರಿಸಿ ಏಳು ಮೂಲೆಗಳ ಒಂದು ದೊಡ್ಡ ಆಕೃತಿ ಎಳೆದೆ. ಕಳ್ಳ ಬರುವುದು ಗೇಟಿನಿಂದ ತಾನೆ ಎಂಬುದು ನನ್ನ ತರ್ಕ. ಜತೆಗೆ ಡಿಸ್ಕ್ ಬೇಗ ತುಂಬುತ್ತದೆಂದು, ವಸ್ತು ಗುರುತಾದ ತುಣುಕುಗಳನ್ನು ಮಾತ್ರ ಉಳಿಸು, ಮಿಕ್ಕದ್ದನ್ನು ಅಳಿಸು ಎಂದು ಅಪ್ಪಣೆ ಬರೆದೆ. ಫೋನು ತೆಪ್ಪಗಾಯಿತು. ಎಲ್ಲರೂ ಹೊಗಳಿದರು. ಕಾರ್ಯದರ್ಶಿಗಳು ವಾರ್ಷಿಕ ಸಭೆಯಲ್ಲಿ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು.

ಒಂದು ಮುಂಜಾವು, ರಾತ್ರಿಯಿಡೀ ಮಳೆ ಹೊಯ್ದ ಮೇಲೆ, ಮೌಶಿ ಎಂದಿನಂತೆ ಹಿಂದಿನ ಕಿರುಬಾಗಿಲಿನಿಂದ ಬಂದು ಪಂಪಿನ ಕೋಣೆಯಿಂದ ಪೊರಕೆ ತೆಗೆದುಕೊಳ್ಳುವಾಗ ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು, ಸೊಂಟಕ್ಕೂ ಪೆಟ್ಟು. ಮಳೆಯ ಸದ್ದಿಗೆ ಕೂಗು ಯಾರಿಗೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಕುಳಿತಲ್ಲಿಂದಲೇ ಮೈ ಎಳೆದುಕೊಂಡು ಗೇಟಿನವರೆಗೆ ಬಂದು ಕಂಬಕ್ಕೆ ಒರಗಿದ್ದಾಳೆ. ಹಾಲಿನವ ಬಂದು ಕಂಡ.

ಔಷಧೋಪಚಾರದ ಹಣದ ಮಾತು ಬಂದಾಗ ಒಬ್ಬರು ಸಂಶಯ ಎತ್ತಿದರು. ಆಕೆ ಎದುರಿನ ಕಟ್ಟಡದಲ್ಲಿಯೂ ಮುಂಜಾನೆ ಕೆಲಸ ಮಾಡುತ್ತಾಳೆ, ಅಲ್ಲಿ ಬಿದ್ದು ಇಲ್ಲಿಗೆ ಬಂದಿರಬಹುದಲ್ಲ? 'ಕ್ಯಾಮೆರಾ ಇದೆಯಲ್ಲ, ನೋಡಿದರಾಯಿತು' ಎಂದರು ಇನ್ನೊಬ್ಬರು. ನೋಡಿದೆವು. 6 ಗಂಟೆ 2 ನಿಮಿಷಕ್ಕೆ ಪೇಪರಿನವ: ವ್ಯಕ್ತಿ, 0.81. ಅನಂತರ 6 ಗಂಟೆ 41 ನಿಮಿಷಕ್ಕೆ ಹಾಲಿನವ: ವ್ಯಕ್ತಿ, 0.83. ನಡುವೆ ಏನೂ ಇಲ್ಲ. ಹಾಲಿನವನ ತುಣುಕಿನಲ್ಲಿ, ಚಿತ್ರದ ಎಡ ಅಂಚಿಗೆ, ಕಂಬದ ಬುಡದಲ್ಲಿ ಮೌಶಿ ಕುಳಿತಿರುವುದು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಾಲಿನವನ ಸುತ್ತ ಚೌಕಟ್ಟಿದೆ. ಆಕೆಯ ಸುತ್ತ ಇಲ್ಲ.

ಸಭೆಯಲ್ಲಿ ಕಾರ್ಯದರ್ಶಿಗಳು ಬಹಳ ಮೃದುವಾಗಿಯೇ ಹೇಳಿದರು, 'ನಾನು ಅವಳನ್ನು ಸುಳ್ಳಿ ಎನ್ನುವುದಿಲ್ಲ. ಆದರೆ ಕ್ಯಾಮೆರಾದಲ್ಲಿ ಬಿದ್ದದ್ದು ಇಲ್ಲವಲ್ಲ.' ಅವರು ಕೆಟ್ಟವರಲ್ಲ. ದಾಖಲೆಯಲ್ಲಿ ಇಲ್ಲದ್ದು ನಡೆದಿಲ್ಲ ಎಂದು ನಂಬುವುದು ನನ್ನ ಕಸುಬಿನವರೇ ಜಗತ್ತಿಗೆ ಕಲಿಸಿದ ಪಾಠ. ಇಪ್ಪತ್ತು ವರ್ಷಗಳಲ್ಲಿ ನಾನೇ ಎಷ್ಟು ಅರ್ಜಿಗಳ ಮೇಲೆ 'ದಾಖಲೆ ಲಭ್ಯವಿಲ್ಲ' ಎಂದು ಬರೆದು ಸಹಿ ಹಾಕಿಲ್ಲ?

ಎದ್ದು ನಿಲ್ಲಲು ನನಗೆ ಹೊತ್ತು ಹಿಡಿಯಿತು. ಚಪ್ಪಾಳೆ ಗಿಟ್ಟಿಸಿದ ಬಾಯಿಂದ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ನಾನೆಳೆದ ಏಳು ಮೂಲೆಯ ಕಪ್ಪು ಆಕೃತಿಯನ್ನು ತೆರೆದು ತೋರಿಸಿದೆ. ಪಂಪಿನ ಕೋಣೆ ಅದರೊಳಗೆ ಪೂರ್ತಿ ಮುಳುಗಿತ್ತು. ಅಲ್ಲಿ ಆನೆ ಬಿದ್ದರೂ ಈ ಯಂತ್ರ ಬರೆದಿಡುತ್ತಿರಲಿಲ್ಲ ಎಂದೆ. ಇನ್ನು ಅಲ್ಲಿಂದ ಗೇಟಿನವರೆಗೆ ಆಕೆ ಮೈ ಎಳೆದುಕೊಂಡು ಬಂದದ್ದು ಕ್ಯಾಮೆರಾದ ಕಣ್ಣಿಗೆ ಬಿದ್ದಿರಲೇಬೇಕು. ಆದರೆ ನೆಲಕ್ಕೆ ಹತ್ತಿದ ಆ ಆಕೃತಿಗೆ 0.7 ದಾಟಿರಲಾರದು, ದಾಟದ್ದನ್ನು ಅಳಿಸು ಎಂದು ಬರೆದವನು ನಾನು. ಕ್ಯಾಮೆರಾ ನೋಡಿದೆ, ನಾವು ಉಳಿಸಿಕೊಂಡಿಲ್ಲ ಎಂದು ಹೇಳಿ ಕುಳಿತೆ. ಒಬ್ಬ ಹಿರಿಯರು ಹಾಗಾದರೆ ಇಷ್ಟು ಹಣ ಸುರಿದದ್ದೇಕೆ ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಖರ್ಚು ಕೊಡುವುದೆಂದು ಬಹುಮತದಿಂದ ತೀರ್ಮಾನವಾಯಿತು, ಇಬ್ಬರ ವಿರೋಧದೊಂದಿಗೆ.

ಕ್ಯಾಮೆರಾಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ ಅವು ಅತಿಯಾಗಿ ನೋಡುತ್ತವೆಂಬ ಬಗ್ಗೆ. ಅದು ಅಗತ್ಯವಾದ ಚರ್ಚೆಯೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಅರ್ಜಿಯಿಂದಲೇ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಸಾರಿತೆಂಬುದು ಕನ್ನಡಿಗರಿಗೆ ಹೆಮ್ಮೆ. 'ಯೋಲೋ' ಎಂಬ ಹೆಸರಾಂತ ಗುರುತಿಸುವ ಮಾದರಿಯನ್ನು, ಅಂದರೆ ಚಿತ್ರವನ್ನು ಒಂದೇ ನೋಟಕ್ಕೆ ಓದಿ ಮುಗಿಸುವ ವಿದ್ಯೆಯನ್ನು, ರೂಪಿಸಿದವರಲ್ಲಿ ಮೊದಲಿಗನಾದ ಜೋಸೆಫ್ ರೆಡ್ಮನ್, ಅದು ಸೈನ್ಯದ ಕೈಗೂ ಕಣ್ಗಾವಲಿನ ಕೈಗೂ ಹೋಗುವುದನ್ನು ಕಂಡು 2020ರಲ್ಲಿ ಆ ಕ್ಷೇತ್ರವನ್ನೇ ಬಿಟ್ಟ. 2008ರ ನವೆಂಬರ್ 26ರ ಅನಂತರ ಈ ಮಹಾನಗರದಲ್ಲಿ ಕ್ಯಾಮೆರಾ ಬೇಡವೆನ್ನುವ ಧೈರ್ಯ ಯಾರಿಗೂ ಇಲ್ಲ; 2016ರ ಹೊತ್ತಿಗೇ ಪೋಲೀಸರವು ನಾಲ್ಕೂವರೆ ಸಾವಿರ ದಾಟಿದ್ದವು. ಆದರೆ ನಮ್ಮ ಅಂಗಳದಲ್ಲಿ ನಾನು ಕಂಡ ಹಾನಿ ಅತಿಯಾಗಿ ನೋಡಿದ್ದರಿಂದ ಆದದ್ದಲ್ಲ. ಯಾರನ್ನು ನೋಡಬೇಕಾಗಿಲ್ಲವೆಂದು ಮೊದಲೇ ಗೆರೆ ಎಳೆದಿದ್ದೆವೋ ಅವರನ್ನು ನೋಡದೆ ಹೋದದ್ದರಿಂದ ಆದದ್ದು.

ಮತ್ತೆ ಪಟ್ಟಿಗೆ ಬರುತ್ತೇನೆ. ಕೃತಿಯಾಗಿ ಅದರ ದೊಡ್ಡ ಕೊರತೆ ಯಾವುದೆಂದು ಕೇಳಿದರೆ, ಕೈಗಾಡಿಯೋ ಕ್ರಿಕೆಟ್ ಬ್ಯಾಟೋ ಇಲ್ಲದಿರುವುದೆಂದು ಈಗ ಹೇಳಲಾರೆ. ಅವನ್ನು ಸೇರಿಸಬಹುದು, ಮಗ ಗ್ಯಾಸ್ ಸಿಲಿಂಡರಿನ ಚಿತ್ರ ಕೂಡಿಸತೊಡಗಿದ್ದಾನೆ. ಕೊರತೆ ಇರುವುದು ಕ್ರಿಯಾಪದದಲ್ಲಿ. ಮೌಶಿ ಬಿದ್ದಳು ಎಂಬ ವಾಕ್ಯದಲ್ಲಿ ಯಂತ್ರಕ್ಕೆ ತಿಳಿಯಬಹುದಾಗಿದ್ದುದು ಮೊದಲ ಶಬ್ದ ಮಾತ್ರ, ಅದೂ ಅನುಮಾನದಿಂದ. ಬೀಳುವುದು, ಏಳುವುದು, ತೆವಳುವುದು, ಕೂಗುವುದು, ಕಾಯುವುದು, ಇವು ಆ ಭಾಷೆಯಲ್ಲಿಲ್ಲ. ಕೋಕೋದವರು ಆಮೇಲೆ ಮನುಷ್ಯ ದೇಹದ 17 ಗುರುತುಗಳನ್ನು, ಮೂಗು, ಕಣ್ಣು, ಕಿವಿ, ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹಿಮ್ಮಡಿಯ ಮೇಲಿನ ಗಂಟು, ಇವನ್ನು ಬೇರೆಯಾಗಿ ಸೇರಿಸಿದ್ದಾರೆ. ಆ ಗುರುತುಗಳು ಯಾವ ಕ್ರಮದಲ್ಲಿ ನೆಲಕ್ಕೆ ಬಂದವೆಂದು ನೋಡಿ, ಬಿದ್ದದ್ದನ್ನು ಊಹಿಸುವ ಮಾದರಿಗಳು ಉಂಟು. ನಮ್ಮ ಹಳೆಯ ಕಂಪ್ಯೂಟರು ಅದನ್ನು ನಾಲ್ಕು ಕ್ಯಾಮೆರಾಗಳಿಗೆ ಎಳೆಯಲಾರದು. ವರ್ಗಣಿ ಎತ್ತೋಣವೆಂದು ಒಂದು ಚೀಟಿ ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಕಡತ ಎಲ್ಲಿದೆಯೆಂದು ವಿಚಾರಿಸುವುದನ್ನು ನಾನು ಬಲ್ಲೆ.

ಸದ್ಯಕ್ಕೆ ಮಾಸ್ಕನ್ನು ಬಾದಾಮಿ ಮರದ ತಲೆಯಷ್ಟಕ್ಕೆ ಕಿರಿದು ಮಾಡಿದ್ದೇನೆ. 0.7 ಇದ್ದದ್ದನ್ನು 0.55ಕ್ಕೆ ಇಳಿಸಿದ್ದೇನೆ. ಗುರುತಾಗಲಿ ಬಿಡಲಿ, ಮೂರು ದಿನದ ಚಿತ್ರ ಪೂರ್ತಿ ಉಳಿಯಲೆಂದು ಹೊಸ ಡಿಸ್ಕ್ ಹಾಕಿಸಿದ್ದೇನೆ. ಮೌಶಿ ಪ್ಲಾಸ್ಟರ್ ತೆಗೆದು ಕೆಲಸಕ್ಕೆ ಬಂದ ಮೊದಲ ದಿನ, ಪಂಪಿನ ಕೋಣೆಯ ಮುಂದೆ ನಿಂತು ಕ್ಯಾಮೆರಾದತ್ತ ಒಮ್ಮೆ ತಲೆಯೆತ್ತಿ ನೋಡಿದಳು, ವ್ಯಕ್ತಿ, 0.78. ಪೊರಕೆ ಹಿಡಿದು ಬಗ್ಗಿದ ಕೂಡಲೆ 0.57. ಈಗ ರಾತ್ರಿ ತಂತಿಯ ಮೇಲೆ ಯಾರದೋ ಪೈಜಾಮ ಹಾರಾಡಿದರೂ ವ್ಯಕ್ತಿ ಬಂದನೆಂದು ನನ್ನ ಫೋನು ಸದ್ದು ಮಾಡುತ್ತದೆ. ಹೆಂಡತಿ ಬೈಯುತ್ತಾಳೆ. ಎದ್ದು ಕಿಟಕಿಯಿಂದ ನೋಡಿ ಬಂದು ಮಲಗುತ್ತೇನೆ.